ಅಡುಗೆಮನೆಯಿಂದಲೇ ಅರಣ್ಯ ರಕ್ಷಣೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕೃಷಿ ವಿಜ್ಞಾನಿಯೊಬ್ಬ ಅಡುಗೆಯ ಬಗ್ಗೆ ಮಾತನಾಡಲು ನಿಂತಿರುವುದನ್ನು ಕಂಡು ಕೆಲವರು ನಗುತ್ತಿದ್ದೀರಿ. ಅದು ನ್ಯಾಯವೇ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗಗಳ ಕುರಿತು ಊರೂರು ತಿರುಗಿ ಮಾತನಾಡಿದ ನಾನು ನಮ್ಮ ಮನೆಯ ಒಲೆಯತ್ತ ಕಣ್ಣು ಹಾಯಿಸಿದ್ದು ತೀರ ತಡವಾಗಿ. ಅದಕ್ಕೆ ಕಾರಣ ನನ್ನ ತಾಯಿಯವರ ಅನಾರೋಗ್ಯ. ಅಂಗಳದ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕೇವಲ 8 ಗ್ರಾಂ ಇತ್ತು. ಹಿತ್ತಿಲಿನ ತುಂಬ ಸೊಪ್ಪು ಬೆಳೆಯುವ ಮನೆ ನಮ್ಮದು. ಸೊಪ್ಪು ತಿನ್ನಿರೆಂದು ಊರಿಗೆಲ್ಲ ಉಪದೇಶಿಸುತ್ತಿದ್ದವನು ನಾನು!

ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಎಲ್ಲರ ಊಟವಾದ ಮೇಲೆ ಇವರ ತಟ್ಟೆಯಲ್ಲಿ ಏನಿರುತ್ತದೆ, ನೋಡಿದ್ದೀರಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಅಂದು ರಾತ್ರಿ ನೋಡಿದೆ. ತಳದ ಅನ್ನ, ಸಾರಿನ ತಿಳಿ, ಊಟ ಮುಗಿಯುತ್ತಲೇ ಒಂದು ಲೋಟ ಚಹಾ. ಸೊಪ್ಪಿನ ಪಲ್ಯ ಮೊದಲ ಪಂಕ್ತಿಯಲ್ಲೇ ಖಾಲಿಯಾಗಿತ್ತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 48ರ ಸಮೀಪದಲ್ಲಿದೆ. ಹಸುರಿನ ನಡುವೆ ಬದುಕುವ ನಾವು ಇದರಿಂದ ಹೊರತಾಗಿದ್ದೇವೆಂದು ಭಾವಿಸುವಂತಿಲ್ಲ. ಆದ್ದರಿಂದ ಖರ್ಚಿಲ್ಲದೆ ಮಾಡಬಹುದಾದ ಕೆಲವು ಸುಧಾರಣೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಸೊಪ್ಪಿನ ವಿಚಾರ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ತೊಳೆದ ನೀರಿನೊಡನೆ ಹೋಗುತ್ತವೆ. ಮೊದಲು ತೊಳೆದು, ಆಮೇಲೆ ದೊಡ್ಡದಾಗಿ ಹೆಚ್ಚಿ, ಸ್ವಲ್ಪವೇ ನೀರಿನಲ್ಲಿ ಮುಚ್ಚಳ ಮುಚ್ಚಿ ಬೇಯಿಸಬೇಕು. ಸೊಪ್ಪಿನಲ್ಲಿರುವ ಕಬ್ಬಿಣವು ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ. ಆದರೆ ಆ ಜೀವಸತ್ವವು ಬಿಸಿಗೆ ನಾಶವಾಗುವುದರಿಂದ ನಿಂಬೆರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ನಂತರ ಹಿಂಡಬೇಕು. ಊಟದ ಜೊತೆ ಒಂದು ನೆಲ್ಲಿಕಾಯಿಯಾದರೂ ಸಾಕು. ಚಹಾದ ಒಗರು ಪದಾರ್ಥವು ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಆದ ಕಾರಣ ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ಹುಳಿ ಹಾಕಿದ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಒಂದಿಷ್ಟು ಕಬ್ಬಿಣವು ಆಹಾರಕ್ಕೆ ಸೇರುತ್ತದೆ. ಆದರೆ ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಳಿ ಪದಾರ್ಥ ಬೇಡ.

ಎಲ್ಲ ಸೊಪ್ಪಿಗೂ ಒಂದೇ ನಿಯಮವಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದದೆಯೂ ಕೆಸುವಿಗೆ ಧಾರಾಳವಾಗಿ ಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಿದ್ದರು. ಹಸಿಯಾಗಿಯೇ ಅರೆಯುವ ಒಂದೆಲಗದ ತಂಬುಳಿಗೆ ಬೇರೆ ಎಚ್ಚರಿಕೆ ಬೇಕು. ಅದು ಜೌಗುನೆಲದ ಸಸ್ಯ. ಕೊಟ್ಟಿಗೆಯ ನೀರು ಹರಿಯುವ ಕಡೆಯದನ್ನು ಕೀಳದೆ, ಒಳ್ಳೆಯ ಜಾಗದ್ದನ್ನು ತಂದು ಶುದ್ಧ ನೀರಿನಲ್ಲಿ ಹಲವು ಸಲ ತೊಳೆದೇ ಬಳಸಬೇಕು.

ಎರಡನೆಯದು ಉರುವಲು. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟೇ ಸೌದೆ ತುರುಕಿದರೂ ಅದರ ಶಾಖ ಏರುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅಷ್ಟೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೆ ಕುದಿಯುತ್ತದೆ. ಗುಡ್ಡದ ಮೇಲೆ ಬೇಳೆ ಬೇಗ ಬೇಯುವುದಿಲ್ಲವೆಂಬ ದೂರಿಗೆ ಇದೂ ಒಂದು ಕಾರಣ. ಪ್ರೆಶರ್ ಕುಕ್ಕರಿನಲ್ಲಿ ಶಾಖ ಸುಮಾರು 120 ಡಿಗ್ರಿಯವರೆಗೆ ಏರುವುದರಿಂದ ಸಮಯವೂ ಇಂಧನವೂ ಉಳಿಯುತ್ತವೆ. ಕಾಳುಗಳನ್ನು ರಾತ್ರಿಯೇ ನೆನೆಸಿಟ್ಟರೆ ಬೇಗ ಬೇಯುತ್ತವೆ. ಮೊಳಕೆ ಬರಿಸಿದರೆ ಅವುಗಳಲ್ಲಿರುವ ಕಬ್ಬಿಣವೂ ಹೆಚ್ಚು ದಕ್ಕುತ್ತದೆ.

ಅನ್ನಕ್ಕೆ ಇನ್ನೊಂದು ಉಪಾಯವಿದೆ. ಬಸಿಯದೆ ಇಂಗುವಷ್ಟೇ ನೀರಿಟ್ಟು, ಅಕ್ಕಿ ಏಳೆಂಟು ನಿಮಿಷ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಮುಚ್ಚಳ ಸಹಿತ ಇಳಿಸಿ, ಒಣಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಕಂಬಳಿ ಹೊದಿಸಿ. ಮುಕ್ಕಾಲು ಗಂಟೆಯಲ್ಲಿ ಅನ್ನ ತಾನಾಗಿ ಬೆಂದಿರುತ್ತದೆ. ಬಿಸಿಯಿರುವಾಗಲೇ ಉಣ್ಣಬೇಕು, ಉಗುರುಬೆಚ್ಚಗೆ ಇಡೀ ದಿನ ಇಟ್ಟರೆ ಕೆಡುತ್ತದೆ.

ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಸುಡುವುದೆಂದರೆ ಸೌದೆಯ ಶಾಖದಿಂದ ಸೌದೆಯ ನೀರನ್ನೇ ಕಾಯಿಸಿದಂತೆ. ಉಳಿಯುವುದು ಹೊಗೆ. ಆ ಹೊಗೆಯನ್ನು ಕುಡಿಯುವವರು ತಾಯಂದಿರು ಮತ್ತು ಅವರ ಸೆರಗು ಹಿಡಿದು ಕೂತ ಮಕ್ಕಳು. ಮಳೆಗಾಲಕ್ಕೆ ಮೊದಲೇ ಸೌದೆಯನ್ನು ಸೀಳಿ, ಒಣಗಿಸಿ, ಸೂರಿನಡಿ ಸೇರಿಸುವುದು ಆರೋಗ್ಯದ ಕೆಲಸವೂ ಹೌದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಒಲೆ ನಿಮ್ಮಲ್ಲಿ ಹಲವರಿಗೆ ಪರಿಚಿತ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನಿಲದ ಒಲೆ ಅನೇಕ ಮನೆಗಳನ್ನು ತಲುಪಿದೆ. ಆದರೂ ನಮ್ಮ ಬಚ್ಚಲ ಒಲೆಗಳು ಇನ್ನೂ ಉರಿಯುತ್ತಿವೆ. ಅವುಗಳಿಗೆ ಮರದ ಕೊಂಬೆಯ ಬದಲು ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಗರಿ ಸಾಕು. ದನಗಳಿರುವ ಮನೆಗೆ ಗೋಬರ್ ಗ್ಯಾಸ್ ಇದೆ.

ಮಿತ್ರರೆ, ಮುರುಗಲು, ಉಪ್ಪಾಗೆ, ವಾಟೆ — ನಮ್ಮ ಸಾರಿನ ಹುಳಿಯೆಲ್ಲ ಕಾಡಿನದೇ. ಉಪ್ಪಾಗೆ ಸಿಪ್ಪೆಯನ್ನು ಮಳೆಗಾಲದಲ್ಲಿ ಒಣಗಿಸಲು ಅದೇ ಕಾಡಿನ ಮರ ಕಡಿದು ಉರಿಸುವುದು, ಹಣ್ಣಾಗುವ ಮೊದಲೇ ಕೊಂಬೆ ಸಹಿತ ಕೊಯ್ಯುವುದು ನಮ್ಮ ಕಣ್ಣೆದುರೇ ನಡೆದಿದೆ. ಮರ ಹೋದರೆ ರುಚಿಯೂ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ: ನಿಮ್ಮ ಅಜ್ಜಿಯ ಜೊತೆ ಹಿತ್ತಿಲು, ಬೇಲಿ, ಬೆಟ್ಟದಂಚು ಸುತ್ತಿ, ತಿನ್ನುವ ಸೊಪ್ಪುಗಳ ಪಟ್ಟಿ ಮಾಡಿ. ಯಾವುದನ್ನು ಯಾವ ತಿಂಗಳಲ್ಲಿ, ಹೇಗೆ ಬೇಯಿಸಬೇಕೆಂದು ಬರೆದಿಡಿ. ಗುರುತು ಖಚಿತವಿಲ್ಲದ್ದನ್ನು ಬಾಯಿಗೆ ಹಾಕಬೇಡಿ.

ಕೊನೆಯ ಮಾತು. ನನ್ನ ತಾಯಿಯವರ ಹಿಮೋಗ್ಲೋಬಿನ್ ಈಗ 12 ಗ್ರಾಂ ಇದೆ. ಮಾತ್ರೆಯಿಂದ ಎಷ್ಟು, ಸೊಪ್ಪಿನಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ವೈದ್ಯರು ಕೊಟ್ಟ ಮಾತ್ರೆಯನ್ನು ಯಾರೂ ನಿಲ್ಲಿಸಬೇಡಿ. ನಮ್ಮ ಮನೆಯಲ್ಲಿ ಬದಲಾದದ್ದು ಬಹಳವೇನಿಲ್ಲ. ಪಲ್ಯವನ್ನು ಮೊದಲೇ ಸಮನಾಗಿ ಪಾಲು ಮಾಡುತ್ತೇವೆ. ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ಬಡಿಸುವ ಸರದಿ ಒಂದು ದಿನ ನನ್ನದು, ಒಂದು ದಿನ ನನ್ನ ಮಗನದು. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಕೊನೆಯದಾಗಿ ಉಣ್ಣುವವರ ತಟ್ಟೆಯನ್ನು ಒಮ್ಮೆ ನೋಡಿ. ಅಲ್ಲಿಂದಲೇ ಕೆಲಸ ಆರಂಭವಾಗಲಿ.