ಆರು ಸೀಟಿನ ಮಾಲ್ಟಾ, 96 ಸೀಟಿನ ಜರ್ಮನಿ



2024ರ ಜೂನ್ 4ಕ್ಕೆ ನಮ್ಮ ಲೋಕಸಭೆ ಫಲಿತಾಂಶ ಬಂತು. ಯಾರು ಗೆದ್ದರು, ಯಾಕೆ ಸೋತರು ಅಂತ ನಾವಿನ್ನೂ ಸ್ಟುಡಿಯೋದಲ್ಲಿ ಚರ್ಚೆ ಮಾಡ್ತಿರುವಾಗಲೇ, ಜೂನ್ 8ಕ್ಕೆ ಮೆಡಿಟರೇನಿಯನ್ ಸಮುದ್ರದ ನಡುವಿನ ಒಂದು ಪುಟ್ಟ ದೇಶ ವೋಟು ಹಾಕಿತು. ಹೆಸರು ಮಾಲ್ಟಾ. ವಿಸ್ತೀರ್ಣ 316 ಚದರ ಕಿಲೋಮೀಟರ್. ಹಿಂದೆ ಇದ್ದ ಬೆಂಗಳೂರು ಮಹಾನಗರ ಪಾಲಿಕೆಯ ಅರ್ಧದಷ್ಟೂ ಇಲ್ಲ. ಜನಸಂಖ್ಯೆ ಐದೂವರೆ ಲಕ್ಷದ ಆಸುಪಾಸು.

ಅವರು ಆರಿಸಿದ್ದು ಯುರೋಪಿಯನ್ ಪಾರ್ಲಿಮೆಂಟಿಗೆ ಆರು ಜನ ಸದಸ್ಯರನ್ನ. 27 ದೇಶಗಳು, 720 ಸೀಟು. ಅದರಲ್ಲಿ ಬರೀ ಆರು! ಯಾರಿಗೆ ಬೇಕು ಈ ಚುನಾವಣೆ ಅನ್ನಿಸುತ್ತೆ, ಅಲ್ವಾ? ಆದರೆ ಮಾಲ್ಟಾದಲ್ಲಿ ನೂರಕ್ಕೆ 73 ಜನ ಮತಗಟ್ಟೆಗೆ ಬಂದರು. ಅಲ್ಲಿ 16 ವರ್ಷದ ಹುಡುಗರಿಗೂ ಮತದಾನದ ಹಕ್ಕಿದೆ. ಆಡಳಿತ ಪಕ್ಷ ಲೇಬರ್‌ಗೆ 2019ರಲ್ಲಿ 42 ಸಾವಿರ ಮತಗಳ ಮುನ್ನಡೆ ಇತ್ತು. 2024ರಲ್ಲಿ ಅದು ಎಂಟು ಸಾವಿರ ಚಿಲ್ಲರೆಗೆ ಕುಸಿಯಿತು. ನಾಲ್ಕು-ಎರಡು ಇದ್ದ ಸೀಟು ಮೂರು-ಮೂರಾಯಿತು. ಆ ಆರು ಜನರಲ್ಲಿ ಒಬ್ಬರು ರೊಬೆರ್ಟಾ ಮೆಟ್ಸೋಲಾ. 2022ರ ಜನವರಿಯಿಂದ ಇಡೀ ಯುರೋಪಿಯನ್ ಪಾರ್ಲಿಮೆಂಟಿನ ಅಧ್ಯಕ್ಷೆ ಇವರೇ!

ಈಗ ಲೆಕ್ಕಕ್ಕೆ ಬರೋಣ. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರಲ್ಲ. ಮಾಲ್ಟಾದಲ್ಲಿ ಸುಮಾರು 90 ಸಾವಿರ ಜನಕ್ಕೆ ಒಬ್ಬ ಸದಸ್ಯ. ಜರ್ಮನಿಯಲ್ಲಿ ಎಂಟು ಕೋಟಿಗೂ ಹೆಚ್ಚು ಜನ, 96 ಸೀಟು. ಅಂದರೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಒಬ್ಬ. ಜರ್ಮನಿಯ ಲೆಕ್ಕವನ್ನೇ ಮಾಲ್ಟಾಕ್ಕೆ ಹಚ್ಚಿದರೆ ಅದಕ್ಕೆ ಪೂರ್ತಿ ಒಂದು ಸೀಟೂ ಸಿಗಲ್ಲ.

ಇದು ತಪ್ಪಿ ಆಗಿದ್ದಲ್ಲ, ಒಪ್ಪಂದದಲ್ಲೇ ಬರೆದಿಟ್ಟಿದ್ದು. ಎಷ್ಟೇ ಚಿಕ್ಕ ದೇಶವಾದರೂ ಆರಕ್ಕಿಂತ ಕಡಿಮೆ ಇಲ್ಲ, ಎಷ್ಟೇ ದೊಡ್ಡದಾದರೂ 96ಕ್ಕಿಂತ ಹೆಚ್ಚಿಲ್ಲ. ಹಾಗಾದರೆ ಜರ್ಮನಿಯ ಮತದಾರನಿಗೆ ಅನ್ಯಾಯ ಅಲ್ವಾ? ಹೌದು, ಆ ಪ್ರಶ್ನೆ ಇದ್ದೇ ಇದೆ. ಜರ್ಮನಿಯ ಸಂವಿಧಾನ ನ್ಯಾಯಾಲಯವೇ 2009ರಲ್ಲಿ ಈ ಅಸಮಾನತೆಯನ್ನು ಎತ್ತಿ ತೋರಿಸಿತ್ತು. ಅದಕ್ಕೊಂದು ಸಮತೋಲನವನ್ನೂ ಇಟ್ಟಿದ್ದಾರೆ. ಸರ್ಕಾರಗಳ ಮಂತ್ರಿಗಳು ಕೂರುವ ಮಂಡಳಿಯಲ್ಲಿ ಹೆಚ್ಚಿನ ವಿಷಯಗಳು ಪಾಸಾಗಬೇಕಾದರೆ 55 ಶೇಕಡ ದೇಶಗಳು ಒಪ್ಪಿದರಷ್ಟೇ ಸಾಲದು, ಆ ದೇಶಗಳಲ್ಲಿ ಒಕ್ಕೂಟದ 65 ಶೇಕಡ ಜನ ಇರಬೇಕು. ಅಂದರೆ ಒಂದು ಕಡೆ ಚಿಕ್ಕವರಿಗೆ ರಿಯಾಯಿತಿ, ಇನ್ನೊಂದು ಕಡೆ ದೊಡ್ಡವರಿಗೆ ತೂಕ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ? ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸೀಟು. ರಾಜ್ಯಗಳ ನಡುವಿನ ಈ ಹಂಚಿಕೆ ನಿಂತಿರೋದು 1971ರ ಜನಗಣತಿ ಮೇಲೆ. 2026ರ ನಂತರದ ಮೊದಲ ಜನಗಣತಿ ಆದಮೇಲೆ ಈ ತಡೆ ತೆರವಾಗುತ್ತೆ. ಬರೀ ತಲೆ ಎಣಿಸಿದರೆ, ಕುಟುಂಬ ಯೋಜನೆಯನ್ನು ಗಂಭೀರವಾಗಿ ಮಾಡಿದ ದಕ್ಷಿಣದ ರಾಜ್ಯಗಳ ಪಾಲು ಇಳಿಯುತ್ತೆ. ರಾಜ್ಯಸಭೆಯಲ್ಲಾದರೂ ರಕ್ಷಣೆ ಇದೆಯಾ ಅಂದರೆ, ಅಲ್ಲೂ ಸೀಟು ಜನಸಂಖ್ಯೆ ನೋಡಿಯೇ. ನಮಗೆ 12, ಉತ್ತರ ಪ್ರದೇಶಕ್ಕೆ 31.

ನಾವು ಯುರೋಪ್ ಅಲ್ಲ. ಅದು ದೇಶಗಳ ಒಕ್ಕೂಟ, ನಾವು ಒಂದೇ ದೇಶ. ಅವರ ಸೂತ್ರವನ್ನು ಎತ್ತಿ ತಂದು ಇಲ್ಲಿ ಅಂಟಿಸೋಕೆ ಆಗಲ್ಲ. ಉತ್ತರ ಪ್ರದೇಶದ ಮತದಾರ "ನನ್ನ ವೋಟಿಗೆ ಯಾಕೆ ಕಡಿಮೆ ಬೆಲೆ" ಅಂತ ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಆದರೆ ತಲೆ ಎಣಿಕೆ ಒಂದೇ ನ್ಯಾಯ ಅನ್ನೋದನ್ನ ನಾವೂ ಪೂರ್ತಿ ಒಪ್ಪಿದವರಲ್ಲ. ಲಕ್ಷದ್ವೀಪ ನೋಡಿ. 2011ರ ಜನಗಣತಿ ಪ್ರಕಾರ 64 ಸಾವಿರ ಜನ, ಅವರಿಗೂ ಲೋಕಸಭೆಯಲ್ಲಿ ಒಬ್ಬ ಸಂಸದ ಇದ್ದಾರೆ. ಬೆಂಗಳೂರು ಉತ್ತರದಲ್ಲಿ 30 ಲಕ್ಷ ದಾಟಿದ ಮತದಾರರಿಗೂ ಒಬ್ಬರೇ. ಇದಕ್ಕೆ ಯಾರೂ ತಕರಾರು ಮಾಡಿಲ್ಲ, ಮಾಡಲೂಬಾರದು.

ಸೀಟು ಹಂಚೋ ದಿನ ಬಂದಾಗ ಕೂಗಾಡಿದರೆ ಪ್ರಯೋಜನ ಇಲ್ಲ. ಮಾಲ್ಟಾದ ಆರು ಸೀಟು ಉಳಿದಿರೋದು ಅದನ್ನು ಮೊದಲೇ ಕೂತು, ಮಾತಾಡಿ, ಬರೆದಿಟ್ಟಿದ್ದರಿಂದ. ನಮ್ಮ 28 ಸಂಸದರು ಆ ಮಾತನ್ನ ಯಾವಾಗ ಶುರು ಮಾಡ್ತಾರೆ? ವೋಟು ಕೇಳೋಕೆ ಬಂದವರನ್ನ ನೀವೇ ಕೇಳಿ.