ಮರಳಿ ಮರಳಿನ ಊರಿಗೆ

(ಟೊರಾಂಟೊದಲ್ಲಿ ನೆಲೆಸಿರುವ, ಹೆಮ್ಮಿಗೆ ಮೂಲದ ಕೇಳುಗರೊಬ್ಬರು ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ)



ನಾನಿರೋದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿ ನವೆಂಬರ್ ಬಂತು ಅಂದ್ರೆ ಆಫೀಸಿನಲ್ಲಿ ಒಂದೇ ಮಾತು, ಈ ಸಲ ಯಾವ ಬೀಚಿಗೆ ಹೋಗ್ತೀರಿ? ಅಲ್ಲಿಯವರಿಗೆ ಚಳಿಗಾಲ ಅಂದ್ರೆ ಕೆರಿಬಿಯನ್ ಕಡೆ ಓಡೋ ಕಾಲ. ಕ್ಯೂಬಾ, ಜಮೈಕಾ, ಡೊಮಿನಿಕನ್ ರಿಪಬ್ಲಿಕ್. ನನ್ನ ಹಳೇ ಮ್ಯಾನೇಜರ್ ಒಬ್ಬರು ಕ್ಯೂಬಾದ ವರಾಡೆರೊಗೆ ಇಪ್ಪತ್ತು ವರ್ಷದಿಂದ ಹೋಗ್ತಿದ್ದಾರೆ. ಅದೇ ಹೋಟೆಲು, ಸಾಧ್ಯವಾದರೆ ಅದೇ ರೂಮು. ಬೇಸಿಗೆಯಲ್ಲಿ ಯಾವತ್ತಾದ್ರೂ ಹೋಗಿದ್ದೀರಾ ಅಂತ ಕೇಳಿದರೆ ನನ್ನನ್ನ ಹುಚ್ಚನ ಥರ ನೋಡಿದರು.

ನನ್ನನ್ನೂ ಕೇಳ್ತಾರೆ, ನಿನ್ನ ಬೀಚ್ ಯಾವುದು ಅಂತ. ನಾನು ಫೋನ್ ತೆಗೆದು ಒಂದು ಫೋಟೊ ತೋರಿಸ್ತೀನಿ. ಬಿಳೀ ಮರಳು, ಸರ್ವೆ ಮರ, ತಿಳಿ ನೀರು, ನೀರಿನ ಮೇಲೆ ದುಂಡಗಿರೋ ತೆಪ್ಪ. ಯಾವ ದ್ವೀಪ ಇದು ಅಂತಾರೆ. ದ್ವೀಪ ಅಲ್ಲ, ಸಮುದ್ರವೂ ಅಲ್ಲ. ತಲಕಾಡು. ತಿರುಮಕೂಡಲು ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ. (ನಗು)

ನಮ್ಮಪ್ಪನ ಊರು ಹೆಮ್ಮಿಗೆ. ಸೇತುವೆ ದಾಟಿದರೆ ತಲಕಾಡು. ಅಪ್ಪ ಕೆಲಸಕ್ಕೆ ಅಂತ ಮೈಸೂರಿಗೆ ಬಂದರು, ನಾನು ಇನ್ನೂ ಸ್ವಲ್ಪ ದೂರ ಹೋದೆ. ಊರಲ್ಲಿ ಉಳಿದಿದ್ದು ಸೋದರತ್ತೆ ಒಬ್ಬರೇ. ಅವರಿಗೀಗ ಎಂಬತ್ತು ದಾಟಿದೆ. ಅತ್ತೆ ಮಗ, ನಮ್ಮ ಬಾವ, ಗದ್ದೆ ನೋಡ್ಕೊಂಡಿದ್ದಾರೆ. ನಾನು 2008ರಲ್ಲಿ ದೇಶ ಬಿಟ್ಟೆ. ಮಾರನೇ ವರ್ಷ ನವೆಂಬರ್‌ನಲ್ಲಿ ಪಂಚಲಿಂಗ ದರ್ಶನ ಇತ್ತು. ಅತ್ತೆ ಫೋನ್ ಮಾಡಿ, 'ಬಾರ್ಲಾ ಮಗ, ಇನ್ನೊಂದು ದರ್ಶನಕ್ಕೆ ನಾನಿರ್ತೀನೋ ಇಲ್ವೋ' ಅಂದರು. ಬಂದೆ. 2013ಕ್ಕೂ ಅದೇ ಮಾತು ಹೇಳಿದರು, ಬಂದೆ. 2020ರ ಡಿಸೆಂಬರ್ 14ರ ದರ್ಶನಕ್ಕೆ ಮಾತ್ರ ಆಗಲಿಲ್ಲ, ಕೊರೊನಾ. ಆ ಸಲ ಅತ್ತೆಯೂ ಹೊಳೆ ಆಚೆಗಿನ ದೇವರನ್ನ ಟೀವಿಯಲ್ಲೇ ನೋಡಿದ್ದು.

ಪಂಚಲಿಂಗ ಅಂದ್ರೆ ಗೊತ್ತಿಲ್ಲದವರಿಗೆ: ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ. ಕಾರ್ತಿಕ ಮಾಸದ ಸೋಮವಾರ, ಅಮಾವಾಸ್ಯೆ, ನಕ್ಷತ್ರ, ಯೋಗ ಎಲ್ಲ ಕೂಡಿ ಬಂದ ವರ್ಷ ಮಾತ್ರ ಈ ದರ್ಶನ. ಅದಕ್ಕೇ ನಾಲ್ಕು ವರ್ಷಕ್ಕೂ ಆಗಬಹುದು, ಹದಿಮೂರು ವರ್ಷಕ್ಕೂ ಆಗಬಹುದು. ದರ್ಶನದ ದಿನ ಊರು ಊರಾಗಿರಲ್ಲ. ನಿಜ ಹೇಳಬೇಕು ಅಂದ್ರೆ ನನಗೆ ಇಷ್ಟ ಆಗೋದು ದರ್ಶನ ಇಲ್ಲದ ವರ್ಷದ ಡಿಸೆಂಬರ್.

ಬೆಳಿಗ್ಗೆ ಆರೂವರೆಗೆ ಹೊರಟರೆ ಸೇತುವೆ ಮೇಲೆ ಮಂಜು. ಕೆಳಗೆ ಹೊಳೆ ಕಾಣಲ್ಲ, ಸದ್ದು ಮಾತ್ರ. ತಲಕಾಡಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಾಫಿ ಕುಡಿದು ವೈದ್ಯೇಶ್ವರನ ಗುಡಿ ಕಡೆ ಹೋಗ್ತೀನಿ. ಅಲ್ಲಿಂದ ಮುಂದೆ ಮರಳು ಶುರು. ನಡೆಯೋ ದಾರಿಗೆ ಮೇಲೆ ಶೀಟ್ ಹಾಕಿದ್ದಾರೆ. ಆದ್ರೆ ನಾನು ಚಪ್ಪಲಿ ಕೈಲಿ ಹಿಡ್ಕೊಂಡು ಪಕ್ಕದಲ್ಲೇ ನಡೀತೀನಿ. ಚಳಿಗಾಲದ ಬೆಳಿಗ್ಗೆ ಆ ಮರಳು ಕಾಲಿಗೆ ತಣ್ಣಗೆ, ಸ್ವಲ್ಪ ಒದ್ದೆ ಇರುತ್ತೆ. ಹನ್ನೊಂದು ಗಂಟೆ ಹೊತ್ತಿಗೆ ಅದೇ ಮರಳು ಹಿತವಾಗಿ ಬಿಸಿ. ಏಪ್ರಿಲ್‌ನಲ್ಲಿ ಕಾಲಿಡಕ್ಕೇ ಆಗಲ್ಲ ಅಂತಾರೆ. ನನಗದು ಗೊತ್ತಿಲ್ಲ, ನಾನು ಏಪ್ರಿಲ್‌ನಲ್ಲಿ ಯಾವತ್ತೂ ಹೋಗಿಲ್ಲವಲ್ಲ.

ಪಾತಾಳೇಶ್ವರನನ್ನ ನೋಡಕ್ಕೆ ಮೆಟ್ಟಿಲು ಇಳೀಬೇಕು. ಗುಡಿ ಹಳ್ಳದಲ್ಲಿ ಕಟ್ಟಿದ್ದಲ್ಲ, ಸುತ್ತ ನೆಲವೇ ಮೇಲೆದ್ದಿದೆ. ಕೀರ್ತಿನಾರಾಯಣನೂ ಹಾಗೇ. ಹೊಯ್ಸಳ ವಿಷ್ಣುವರ್ಧನ ಚೋಳರನ್ನ ಸೋಲಿಸಿ, ತಲಕಾಡುಗೊಂಡ ಅಂತ ಬಿರುದು ಪಡೆದು, 1117ರ ಸುಮಾರಿಗೆ ಕಟ್ಟಿಸಿದ ದೇವಸ್ಥಾನ. ಮರಳು ಬಗೆದು ಅದನ್ನ ಹೊರಗೆ ತೆಗೀಬೇಕಾಯ್ತು. ಅದಕ್ಕೂ ಮುಂಚೆ ಇದು ಗಂಗರ ರಾಜಧಾನಿ. ಒಂದು ಕಾಲಕ್ಕೆ ನಮ್ಮ ನಾಡಿನ ದೊಡ್ಡ ಪಟ್ಟಣ ಅನ್ನಿಸಿಕೊಂಡಿದ್ದು, ಇವತ್ತು ಅದರ ತಲೆ ಮೇಲೆ ನಾವು ಕಡಲೆಕಾಯಿ ತಿಂತಾ ನಡೀತೀವಿ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ, ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆ, ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಊರಿನ ಮೇಲೆ ಬರ್ತಿದೆ ಅಂತ. ಸರ್ವೆ, ನೀಲಗಿರಿ ನೆಟ್ಟಿದ್ದು ಆ ಮರಳನ್ನ ಹಿಡಿದು ನಿಲ್ಲಿಸೋಕೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳೋ ತೋಪು ಅದೇ.

ಶಾಪದ ಕಥೆ ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸ್ತೀನಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ತಗೊಂಡರು. ಅಲ್ಲಿನ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ. ಒಡವೆಗಾಗಿ ಅರಸರ ಕಡೆಯವರು ಬೆನ್ನಟ್ಟಿದಾಗ ಆಕೆ ಮಾಲಂಗಿ ಹತ್ತಿರ ಹೊಳೆಗೆ ಹಾರಿದಳು. ಹಾರೋ ಮುಂಚೆ ತಲಕಾಡಿಗೆ ಮರಳನ್ನ, ಮಾಲಂಗಿಗೆ ಮಡುವನ್ನ, ಮೈಸೂರು ಅರಸರಿಗೆ ಮಕ್ಕಳಿಲ್ಲದ ಮನೆಯನ್ನ ಶಾಪವಾಗಿ ಕೊಟ್ಟಳು ಅಂತ. 2017ರ ಡಿಸೆಂಬರ್‌ನಲ್ಲಿ ಯದುವೀರ ಅವರಿಗೆ ಮಗ ಹುಟ್ಟಿದಾಗ ನಾನು ಹೆಮ್ಮಿಗೆಯಲ್ಲೇ ಇದ್ದೆ. ಟೀವಿಯವರೆಲ್ಲ ಶಾಪ ಮುಗೀತು ಅಂದರು. ಅತ್ತೆ ಅವರೆಕಾಯಿ ಸುಲೀತಾ ಕೂತಿದ್ದವರು, 'ಮಗೀಗೆ ಒಳ್ಳೇದಾಗ್ಲಿ. ಮರಳು ಎಲ್ಲೂ ಹೋಗಿಲ್ವಲ್ಲ' ಅಂದರು.

ನನಗೆ ಶಾಪಕ್ಕಿಂತ ಕುತೂಹಲ ಹುಟ್ಟಿಸೋದು ನಮ್ಮೂರ ಹೆಮ್ಮಿಗೆಯ ಪಾತ್ರ. ಹೆಮ್ಮಿಗೆ ಹತ್ತಿರ ಕಾವೇರಿಗೆ ಒಂದು ಹಳೇ ಅಣೆಕಟ್ಟೆ ಇದೆ. ಮಾಧವ ಮಂತ್ರಿ ಅಣೆಕಟ್ಟೆ, 14ನೇ ಶತಮಾನದ್ದು, ವಿಜಯನಗರದ ಕಾಲ. ಕೆ.ಎನ್. ಗಣೇಶಯ್ಯ ಅವರು ಕಾದಂಬರಿಕಾರರಾಗಿ ನಿಮಗೆ ಗೊತ್ತು, ಅವರು ಕೃಷಿ ವಿಜ್ಞಾನಿಯೂ ಹೌದು. 2007ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಈ ಶಾಪದ ಬಗ್ಗೆ ಒಂದು ಲೇಖನ ಬರೆದರು. ನಾನು ಅರ್ಥ ಮಾಡಿಕೊಂಡಂತೆ ತಿರುಳು ಇಷ್ಟು: ಕಟ್ಟೆ ಕಟ್ಟಿದ ಮೇಲೆ ಕೆಳಗಡೆ ಹೊಳೆಯ ಹರಿವು ತಗ್ಗಿತು, ತಿರುವಿನಲ್ಲಿದ್ದ ಮರಳು ಬಯಲಿಗೆ ಬಿತ್ತು, ಮುಂಗಾರಿನ ಗಾಳಿ ಅದನ್ನ ಊರಿನ ಕಡೆ ತಳ್ಳಿತು. ಅಂದ್ರೆ ನೀರು ನಿಲ್ಲಿಸಿ ಗದ್ದೆ ಮಾಡಿದ ಕೆಲಸವೇ ಪಟ್ಟಣವನ್ನ ಹೂತಿದೆ. ಬಾವನಿಗೆ ಇದನ್ನ ಹೇಳಿದೆ. 'ಅನ್ನ ಬೇಕಲ್ಲಪ್ಪ' ಅಂದರು.

ಮಧ್ಯಾಹ್ನ ಹೊಳೆ ದಡಕ್ಕೆ ಹೋದರೆ ಮೀನು ಕರಿಯೋ ವಾಸನೆ. ಕಾವೇರಿ ಮೀನು, ಮಸಾಲೆ ಹಚ್ಚಿ ಹೆಂಚಿನ ಮೇಲೆ. ತೆಪ್ಪದವರು ಕರೀತಾರೆ. ಒಂದು ಮಾತು ಇಲ್ಲೇ ಹೇಳ್ತೀನಿ: ನೀರು ಮೊಣಕಾಲುದ್ದ ಇದೆ ಅಂತ ನಂಬಿ ಮುಂದೆ ಹೋಗಬೇಡಿ. ಮರಳು ಜಾರುತ್ತೆ, ಒಂದು ಹೆಜ್ಜೆಗೆ ಮಡು. ಈಜು ಬರದ ಹುಡುಗರು ಹೋಗಿಬಿಟ್ಟ ಸುದ್ದಿ ಪೇಪರ್‌ನಲ್ಲಿ ಬರ್ತಾನೇ ಇರುತ್ತೆ.

ಸಂಜೆ ಮನೆಗೆ ಬಂದರೆ ಹಿತಕಿದ ಬೇಳೆ ಸಾರು, ಮುದ್ದೆ. ಸೊಗಡಿನ ಅವರೆ, ಇಬ್ಬನಿ ಬಿದ್ದರೇನೇ ಆ ಸೊಗಡು ಬರೋದು. ಹದಿನೈದು ವರ್ಷದಿಂದ ನನ್ನ ಊರು ಅಂದ್ರೆ ಈ ನಾಲ್ಕು ವಾರ. ಮಂಜು, ಅವರೆ, ಕೊಯ್ಲಾದ ಗದ್ದೆ, ಸಂಕ್ರಾಂತಿಗೆ ಕಿಚ್ಚು ಹಾಯಿಸೋದು ನೋಡಿ ವಿಮಾನ ಹತ್ತೋದು. ನಂಜನಗೂಡು ಕಡೆ ಹದಿನಾರು ಕೆರೆಗೂ ಒಂದು ದಿನ ಹೋಗ್ತೀನಿ. ಅಲ್ಲಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹಕ್ಕಿಗಳೂ ಅಲ್ಲಿ ಕಂಡಿವೆ. ನಮ್ಮ ಕೆನಡಾದಲ್ಲಿ ಚಳಿಗೆ ಓಡಿಹೋಗೋರಿಗೆ ಸ್ನೋಬರ್ಡ್ ಅಂತಾರೆ. ಆ ಬಾತುಗಳನ್ನ ನೋಡಿದಾಗ, ಓ ನಮ್ಮವರು ಬಂದವ್ರೆ ಅನ್ನಿಸುತ್ತೆ.

ಈಗ ಹೇಳಬೇಕಾದ ವಿಷಯಕ್ಕೆ ಬರ್ತೀನಿ.

2023ರ ಡಿಸೆಂಬರ್. ನಾನು ಹೊಳೆ ದಡಕ್ಕೆ ಹೋದೆ, ಅಬ್ಬಾ, ಅಷ್ಟು ಅಗಲದ ಮರಳು ನಾನು ಯಾವತ್ತೂ ನೋಡಿರಲಿಲ್ಲ. ಹೊಳೆ ಎಲ್ಲೋ ಆ ಕಡೆ ಸರಿದಿತ್ತು. ಮಧ್ಯದವರೆಗೂ ನಡೆದು ಹೋಗಬಹುದು. ವಿಡಿಯೊ ಮಾಡಿದೆ. ಟೊರಾಂಟೊದ ಗ್ರೂಪಿಗೆ ಹಾಕಿದೆ, 'ಈ ವರ್ಷ ಬೀಚ್ ಸೂಪರ್' ಅಂತ. ಮನೆಗೆ ಬಂದು ಬಾವನಿಗೂ ತೋರಿಸಿದೆ.

ಬಾವ ಫೋನ್ ನೋಡಿದರು. ವಾಪಸ್ ಕೊಟ್ಟರು. 'ಚೆನ್ನಾಗದೆ' ಅಂದು ಎದ್ದು ಹೊರಗೆ ಹೋದರು.

ಆಮೇಲೆ ನನಗೆ ತಲೆಗೆ ಹತ್ತಿದ್ದು. ಆ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದಲ್ಲಿ ಬರ ಅಂತ ಘೋಷಣೆ ಆಗಿತ್ತು, ತಮಿಳುನಾಡಿಗೆ ನೀರು ಬಿಡೋ ವಿಚಾರಕ್ಕೆ ಸೆಪ್ಟೆಂಬರ್‌ನಲ್ಲಿ ಬಂದ್ ಆಗಿತ್ತು. ಇದೆಲ್ಲ ನಾನು ಟೊರಾಂಟೊದಲ್ಲಿ ಕೂತು ಓದಿದ್ದೆ, ಶೇರ್ ಕೂಡ ಮಾಡಿದ್ದೆ! ಬಾವನ ನಾಲೆ ಬಯಲಿನ ಗದ್ದೆ ಆ ಸಲ ನಾಟಿಯೇ ಆಗಿರಲಿಲ್ಲ. ಬರೋ ದಾರಿಯಲ್ಲೇ ಇದೆ ಗದ್ದೆ. ಬೀಳು ಬಿದ್ದ ಗದ್ದೆಗೂ ಕೊಯ್ಲಾದ ಗದ್ದೆಗೂ ವ್ಯತ್ಯಾಸ ನನಗೆ ಕಂಡಿರಲಿಲ್ಲ. ಎರಡೂ ನನ್ನ ಡಿಸೆಂಬರ್ ಬಣ್ಣವೇ. ನಾನು ಸೂಪರ್ ಅಂದ ಆ ಅಗಲದ ಮರಳು ಅವರ ಗದ್ದೆಗೆ ಬರದೇ ಹೋದ ನೀರು.

ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತಾಗ ಬಾವ ಅಂದರು: 'ನೀನು ಬರೋದು ನಮ್ಗೂ ಖುಷಿನೇ ಕಣಪ್ಪ. ಆದ್ರೆ ನೀನು ಹೇಳೋ ಊರು ಯಾವ್ದು ಅಂತ ನಂಗೆ ಒಂದೊಂದ್ ಸಲ ಗೊತ್ತಾಗಲ್ಲ. ಆಷಾಢದಲ್ಲಿ ಒಂದು ಸಲ ಬಾ.' ಬೈದಿದ್ದಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು.

ಅವರು ಆಷಾಢ ಅಂದಿದ್ದು ಆಮೇಲೆ ತುಂಬಾ ಕಾಡಿತು. ಯಾಕಂದ್ರೆ ರೈಸ್ ಕೂಡ ಅದನ್ನೇ ಬರೆದಿದ್ದಾರೆ, ತಲಕಾಡಿನ ಮರಳು ನಡೆಯೋದು ಹೆಚ್ಚಾಗಿ ನೈಋತ್ಯ ಮುಂಗಾರಿನ ಗಾಳಿಗೆ. ಚಳಿಗಾಲದಲ್ಲಿ ಅದು ಮಲಗಿರುತ್ತೆ. ನಾನು ಹದಿನೈದು ವರ್ಷ ನೋಡಿದ್ದು ಮಲಗಿರೋ ಮರಳನ್ನ.

2024ರ ಜುಲೈ ಕೊನೆಗೆ ಬಂದೆ. ರಜೆ ಸಿಕ್ಕಿದ್ದು ಹತ್ತು ದಿನ. ಡಿಸೆಂಬರ್‌ಗೆ ಅಂತ ಇಟ್ಟಿದ್ದ ರಜೆ ಅದು. ಆ ಹೊತ್ತಿಗೆ ಕೆಆರ್‌ಎಸ್, ಕಬಿನಿ ಎರಡೂ ತುಂಬಿ ಒಟ್ಟೊಟ್ಟಿಗೆ ನೀರು ಬಿಟ್ಟಿದ್ದರು. ನರಸೀಪುರದಲ್ಲಿ ಎರಡು ಹೊಳೆ ಸೇರಿ ನಮ್ಮ ಕಡೆ ಬರೋದಲ್ವಾ. ನನ್ನ ಬೀಚ್ ಇರಲೇ ಇಲ್ಲ. ಮೀನು ಕರಿಯೋ ಜಾಗ, ತೆಪ್ಪ ಕಟ್ಟೋ ಜಾಗ, ನಾನು ವಿಡಿಯೊ ಮಾಡಿದ ಜಾಗ, ಎಲ್ಲ ಕೆಂಪು ನೀರು. ಮರದ ಬೊಡ್ಡೆಗಳು ತೇಲಿ ಹೋಗ್ತಿದ್ದವು. ಪೊಲೀಸರು ಹತ್ತಿರ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ನನ್ನನ್ನ ಕೂಗಿ ಕರೆಯೋ ತೆಪ್ಪದವರೊಬ್ಬರು ಅಂಗಡಿ ಕಟ್ಟೆ ಮೇಲೆ ಬೀಡಿ ಸೇದ್ತಾ ಕೂತಿದ್ದರು. ಗುರುತು ಸಿಗಲಿಲ್ಲ ಅವರಿಗೆ. ಸ್ವೆಟರ್ ಇಲ್ಲದೆ ನೋಡಿರಲಿಲ್ಲ ಅನ್ಸುತ್ತೆ. 'ಎಷ್ಟು ದಿನ ಹಿಂಗೆ?' ಅಂದೆ. 'ನೀರು ಇಳಿಯಗಂಟ' ಅಂದರು. ಅಲ್ಲಿಯವರೆಗೆ ದುಡಿಮೆ ಇಲ್ಲ. ಬಾವನಿಗೆ ಬೇಕಾದ ನೀರು ತೆಪ್ಪದವರ ಹೊಟ್ಟೆಗೆ ಹೊಡೆತ, ತೆಪ್ಪದವರಿಗೆ ಬೇಕಾದ ಮರಳು ಬಾವನಿಗೆ ಬರ. ಇದನ್ನ ಹೇಗೆ ಸರಿ ಮಾಡೋದು ಅಂತ ನನ್ನನ್ನ ಕೇಳಬೇಡಿ.

ಹೆಮ್ಮಿಗೆಯಲ್ಲಿ ಮಾತ್ರ ಹಬ್ಬದ ಹಾಗಿತ್ತು. ನಾಲೆಗೆ ನೀರು ಬರುತ್ತೆ ಅನ್ನೋದು ಗಟ್ಟಿ. ಬಾವ ಒಟ್ಲು ಹಾಕೋ ಗಡಿಬಿಡಿಯಲ್ಲಿದ್ದರು. ನನ್ನ ಜೊತೆ ಕೂತು ಮಾತಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಗೊಬ್ಬರದ ಮೂಟೆ ಇಳಿಸು ಅಂದರು, ಇಳಿಸಿದೆ. ಬೆನ್ನು ಹಿಡ್ಕೊಂಡಿತು. ಮನೆಯೊಳಗೆ ತೇವ, ಸೊಳ್ಳೆ, ಕರೆಂಟ್ ಇಲ್ಲ. ಅತ್ತೆ ಬೆಳಗಿನ ತಂಗಳು ಮುದ್ದೆ, ಉಪ್ಪೆಸರು ಹಾಕಿದರು. ಹದಿನೈದು ಚಳಿಗಾಲದಲ್ಲಿ ಒಂದು ದಿನವೂ ನನಗೆ ತಂಗಳು ಬಡಿಸಿದವರಲ್ಲ. 'ಉಣ್ಣು, ನಾವೂ ಅದೇ ಉಂಡಿರೋದು' ಅಂದರು. ಯಾಕೋ ಆ ತಟ್ಟೆ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಂತ ಚಳಿಗಾಲದ ಪ್ರೀತಿ ಸುಳ್ಳು ಅಂತ ನನಗನ್ನಿಸಿಲ್ಲ. ವರಾಡೆರೊದ ನನ್ನ ಹಳೇ ಮ್ಯಾನೇಜರ್‌ಗೂ ಅಲ್ಲಿನ ಹೋಟೆಲಿನವರ ಮಕ್ಕಳ ಹೆಸರೆಲ್ಲ ಗೊತ್ತು. ಬಿಸಿಲು ಹುಡುಕ್ಕೊಂಡು ಹೋದರೂ ಮನುಷ್ಯರು ಸಿಕ್ಕೇ ಸಿಗ್ತಾರೆ. ಮಂಜಿನ ಸೇತುವೆ ನೆನೆಸಿಕೊಂಡರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಆದ್ರೆ ಆ 'ಬೀಚ್ ಸೂಪರ್' ವಿಡಿಯೊ ಮಾತ್ರ ಗ್ರೂಪಿನಿಂದ ತೆಗೆದೆ. ಎಲ್ಲರೂ ಅಷ್ಟೊತ್ತಿಗೆ ನೋಡಿಯಾಗಿತ್ತು.

2024ರ ಡಿಸೆಂಬರ್‌ಗೆ ಬರೋಕಾಗಲಿಲ್ಲ, ರಜೆ ಮುಗಿದಿತ್ತು. 2025ರ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳಕ್ಕೆ ಬಾವ ಹೋಗಿ, ಸಂಗಮದಿಂದ ವಿಡಿಯೊ ಕಾಲ್ ಮಾಡಿ ತೋರಿಸಿದರು. ಹಿಂದೆ ಯಾರೋ ತಳ್ಳುತ್ತಿದ್ದರು, ಅರ್ಧ ಆಕಾಶವೇ ಕಂಡಿದ್ದು. ಗದ್ದೆ ಹೇಗಾಯ್ತು ಅಂತ ಕೇಳಿದೆ. ಮೊದಲ ಸಲ ಆ ಪ್ರಶ್ನೆ ನಾನೇ ಕೇಳಿದ್ದು ಅಂತ ಆಮೇಲೆ ಗೊತ್ತಾಯ್ತು. 'ಪರವಾಗಿಲ್ಲ, ಮನೆಗಾಗಿ ಮಾರೋಕೂ ಆಯ್ತು' ಅಂದರು.

ಈ ಸಲವೂ ಜುಲೈಗೆ ಟಿಕೆಟ್ ಮಾಡಿದ್ದೀನಿ. ಅತ್ತೆಗೆ ಫೋನ್ ಮಾಡಿ ಹೇಳಿದೆ, ನಾಟಿ ಹೊತ್ತಿಗೆ ಬರ್ತೀನಿ ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬಾ ಮಗ, ಬೇಡ ಅನ್ನಲ್ಲ. ಆದ್ರೆ ಆವಾಗ ಅವರೆಕಾಯಿ ಇರಲ್ವಲ್ಲೋ' ಅಂದರು.