ಕೂಗಿಗೆ ಓಗೊಡುವ ಯಂತ್ರ

ಹಕ್ಕಿಯ ಕೂಗು ಕೇಳಿದೊಡನೆ ಅದು ಯಾವ ಹಕ್ಕಿಯೆಂದು ಹೇಳುವ ತಂತ್ರಾಂಶ ಈಗ ಯಾರ ಕೈಗಾದರೂ ಎಟುಕುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವೂ ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿ ರೂಪಿಸಿದ ಬರ್ಡ್‌ನೆಟ್ ಇವುಗಳಲ್ಲಿ ಹೆಸರಾದದ್ದು. 2021ರಲ್ಲಿ ಅದರ ಕುರಿತ ಪ್ರಬಂಧ ಅಚ್ಚಾದಾಗ ಅದು ಬಲ್ಲ ಹಕ್ಕಿಗಳು 984. ಈಚಿನ ಆವೃತ್ತಿ 6,000ಕ್ಕೂ ಹೆಚ್ಚು ಪ್ರಭೇದಗಳನ್ನು ಬಲ್ಲದು. ಅಂಗೈಯಗಲದ ರಾಸ್‌ಬೆರಿ ಪೈ ಗಣಕ ಮತ್ತು ಸೂರಿನಡಿ ಒಂದು ಮೈಕು, ಇಷ್ಟಿದ್ದರೆ ಮನೆಯಲ್ಲೇ ಹಗಲಿರುಳು ಓಡುತ್ತದೆ.

ಅದರ ಕೆಲಸ ಹೀಗೆ ನಡೆಯುತ್ತದೆ. ಬರುವ ಧ್ವನಿಯನ್ನು ಮೂರು ಮೂರು ಸೆಕೆಂಡಿನ ತುಣುಕಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಚಿತ್ರವಾಗಿಸಿಕೊಳ್ಳುತ್ತದೆ. ಅಡ್ಡಕ್ಕೆ ಕಾಲ, ಮೇಲಕ್ಕೆ ಸ್ವರದ ಎತ್ತರ. ಆ ಚಿತ್ರ ಯಾವ ಹಕ್ಕಿಯ ಕೂಗಿನದನ್ನು ಹೋಲುತ್ತದೆಂದು ನೋಡಿ, 0ಯಿಂದ 1ರವರೆಗೆ ಅಂಕ ಕೊಡುತ್ತದೆ. ನಮ್ಮ ಅಕ್ಷಾಂಶ, ರೇಖಾಂಶ ಮತ್ತು ವರ್ಷದ ಎಷ್ಟನೆಯ ವಾರ ಎಂಬುದನ್ನು ತಿಳಿಸಿದರೆ, ಆ ಕಾಲದಲ್ಲಿ ಆ ಊರಿನಲ್ಲಿ ಇರಲಾರದ ಹಕ್ಕಿಗಳನ್ನು ಬದಿಗಿಡುತ್ತದೆ. ಇದಕ್ಕೆ ಒಂದು ನಿಯಮ ಜೋಡಿಸುವುದು ಕಷ್ಟವಲ್ಲ. ಇಂಥ ಹಕ್ಕಿ ಕೂಗಿದರೆ ಫೋನಿಗೆ ಸಂದೇಶ ಬರಲಿ, ಕ್ಯಾಮೆರಾ ಚಾಲೂ ಆಗಲಿ, ದೀಪ ಆರಲಿ.

ಇಂದು ನಾನು ಹೇಳಬಂದಿರುವುದು ನಿಯಮ ಜೋಡಿಸುವ ಈ ಎರಡನೆಯ ಹೆಜ್ಜೆಯ ಬಗ್ಗೆ. ಗುರುತು ತಪ್ಪಿದಾಗ ನಷ್ಟ ಯಾರಿಗೆ ಎಂದು ಕೇಳಿಕೊಳ್ಳದೆ ನಿಯಮ ಬರೆಯಕೂಡದು.

ನವರಂಗವನ್ನೇ ತೆಗೆದುಕೊಳ್ಳೋಣ. ಹಿಮಾಲಯದ ತಪ್ಪಲು, ಮಧ್ಯಭಾರತಗಳಲ್ಲಿ ಮಳೆಗಾಲಕ್ಕೆ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಹಾರಿ ಬಳಲಿ ಮನೆಯಂಗಳಕ್ಕೆ, ಒಮ್ಮೊಮ್ಮೆ ಮನೆಯೊಳಗೇ ಬಂದು ಬೀಳುವುದುಂಟು. ನೆಲದ ತರಗೆಲೆ ಕೆದಕಿ ಹುಳು ತಿನ್ನುವುದರಿಂದ ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಕ್ಕುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳು ಹಾಕುತ್ತದೆ. ಆ ಸಿಳ್ಳು ಕೇಳಿದೊಡನೆ ಅಂಗಳದ ದೀಪ ಆರಿ, 'ಬೆಕ್ಕನ್ನು ಒಳಗಿಡಿ' ಎಂಬ ಸಂದೇಶ ಬಂದರೆ ಎಷ್ಟು ಒಳ್ಳೆಯದು! ಗುರುತು ತಪ್ಪಿದರೂ ಬೆಕ್ಕಿಗೆ ಒಂದು ಸಂಜೆಯ ಬೇಸರ, ಅಷ್ಟೇ.

ಆದರೂ ಲೆಕ್ಕ ಹಾಕಲೇಬೇಕು. ದಿನಕ್ಕೆ 86,400 ಸೆಕೆಂಡು, ಅಂದರೆ 28,800 ತುಣುಕು. ಸಾವಿರಕ್ಕೆ ಒಂದೇ ಒಂದು ತುಣುಕಿನಲ್ಲಿ ಯಂತ್ರ ಎಡವುತ್ತದೆಂದು ಇಟ್ಟುಕೊಂಡರೂ ದಿನಕ್ಕೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಸುಳ್ಳು ನವರಂಗಗಳು! ಮೂರನೆಯ ದಿನಕ್ಕೆ ಮನೆಯವರು ಸಂದೇಶ ನೋಡುವುದನ್ನೇ ಬಿಡುತ್ತಾರೆ, ನಿಜವಾದ ನವರಂಗ ಬಂದ ದಿನ ಯಾರೂ ಗಮನಿಸುವುದಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಕಿವಿಗೊಡುವಂತೆ ಮಾಡಿದರೆ ತುಣುಕುಗಳು 2,400ಕ್ಕೆ ಇಳಿಯುತ್ತವೆ, ಸುಳ್ಳು ಎರಡೋ ಮೂರೋ ಆಗುತ್ತದೆ. ಐದು ನಿಮಿಷದಲ್ಲಿ ಎರಡು ಸಲ ಕೇಳಿಸಿದರೆ ಮಾತ್ರ ನಂಬು ಎಂದೂ ಹೇಳಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗೇಟಿನ ಕೀಲಿನ ಕಿರುಗುಟ್ಟುವಿಕೆ ಒಮ್ಮೆ ನವರಂಗವೆನಿಸಿದರೆ ಎರಡನೆಯ ಸಲವೂ ಹಾಗೇ ಅನಿಸೀತು. ಒಂದೇ ಮೂಲದ ತಪ್ಪು ಎಷ್ಟು ಸಲ ಬಂದರೂ ಸಾಕ್ಷಿ ಒಂದೇ. ಹಾಗಾಗಿ ಆ ಮೂರು ಸೆಕೆಂಡಿನ ಧ್ವನಿಯನ್ನು ಉಳಿಸಿಟ್ಟು ಮನುಷ್ಯರ ಕಿವಿಯಿಂದ ಕೇಳುವುದು ಅನಿವಾರ್ಯ. ಅಂಕ 0.9 ಬಂತೆಂದರೆ ನೂರಕ್ಕೆ ತೊಂಬತ್ತು ಪಾಲು ನಿಜ ಎಂದೂ ಅರ್ಥವಲ್ಲ.

ನಮ್ಮ ಮಲೆನಾಡಿನಲ್ಲಂತೂ ಹಕ್ಕಿಗಳೇ ಹಕ್ಕಿಗಳನ್ನು ಅನುಕರಿಸುತ್ತವೆ. ಭೀಮರಾಜ ಹಕ್ಕಿ ಬಿಜ್ಜು ಎಂಬ ಬೇಟೆಹಕ್ಕಿಯಂತೆ ಕೂಗಬಲ್ಲದು. ಬಿಜ್ಜು ಕೂಗಿದರೆ ಕೋಳಿಗೂಡಿನ ಬಾಗಿಲು ಮುಚ್ಚಲಿ ಎಂದು ನಿಯಮ ಮಾಡಿದವರ ಗೂಡು ಭೀಮರಾಜನ ಇಷ್ಟದಂತೆ ಮುಚ್ಚುತ್ತದೆ.

ಇನ್ನು ನವಿಲಿನ ವಿಷಯ. ಬಯಲುಸೀಮೆಯ ರೈತರು ಹೊಲಕ್ಕೆ ಬೀಳುವ ನವಿಲಿನಿಂದ ನಿಜವಾಗಿಯೂ ನೊಂದಿದ್ದಾರೆ, ಅವರ ಕಷ್ಟವನ್ನು ಹಗುರವಾಗಿ ಕಾಣಬಾರದು. ನವಿಲು ಕೂಗಿದೊಡನೆ ಧ್ವನಿವರ್ಧಕ ಅಬ್ಬರಿಸಲಿ ಎನ್ನುವವರಿಗೆ ಎರಡು ಮಾತು. ನವಿಲು ಹೆಚ್ಚಾಗಿ ಕೂಗುವುದು ಗಂಡು ಹೆಣ್ಣನ್ನು ಕರೆಯುವ ಮಳೆಗಾಲದ ಆಸುಪಾಸಿನಲ್ಲಿ, ಬೆಳಗು ಬೈಗುಗಳಲ್ಲಿ. ಸದ್ದಿಲ್ಲದೆ ಕಾಳು ಹೆಕ್ಕುವ ಹೆಣ್ಣುಗಳ ಗುಂಪು ಈ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಮತ್ತೆ, ಒಂದೇ ಬಗೆಯ ಬೆದರಿಕೆಯ ಸದ್ದಿಗೆ ಹಕ್ಕಿಗಳು ಬೇಗ ಒಗ್ಗಿಕೊಳ್ಳುತ್ತವೆ. ಕಡೆಗೆ ನಿದ್ದೆ ಕೆಡುವುದು ರೈತನಿಗೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿ ಅದು ಎಂಬುದನ್ನೂ ಮರೆಯಬಾರದು.

ಹಕ್ಕಿಯದೇ ಕೂಗನ್ನು ಯಂತ್ರ ತಿರುಗಿ ಕೂಗುವ ಏರ್ಪಾಡನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ತನ್ನ ಸೀಮೆಗೆ ಪ್ರತಿಸ್ಪರ್ಧಿ ನುಗ್ಗಿದನೆಂದು ಗಂಡುಹಕ್ಕಿ ಗೂಡು ಬಿಟ್ಟು ಬರುತ್ತದೆ. ಫೋಟೋಗಾಗಿ ಮನುಷ್ಯರು ಒಮ್ಮೆ ಮಾಡುವ ಈ ಕೆಲಸವೇ ತಪ್ಪು. ದಣಿವರಿಯದ ಯಂತ್ರ ಇದನ್ನು ದಿನವಿಡೀ ಮಾಡಿದರೆ ಮರಿಗಳಿಗೆ ಗುಟುಕು ಕೊಡುವವರು ಯಾರು?

ಇಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕರು ಅನೇಕರಿದ್ದೀರಿ. ನಿಮ್ಮ ಆವರಣದಲ್ಲಿ ಇಂಥದೊಂದನ್ನು ಇಡುವುದಾದರೆ ಮೊದಲ ವರ್ಷ ಯಾವ ಪ್ರತಿಕ್ರಿಯೆಯೂ ಬೇಡ, ಬರೀ ದಾಖಲೆ ಸಾಕು. ಮಾತಿನ ಸದ್ದಿರುವ ತುಣುಕುಗಳನ್ನು ಅಳಿಸುವ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿ, ಮಕ್ಕಳ ಮಾತು ಅದರಲ್ಲಿ ಸೇರಬಾರದು. ಯಂತ್ರ ನವರಂಗವೆಂದ ಪ್ರತಿ ತುಣುಕನ್ನೂ ಮಕ್ಕಳಿಗೆ ಕೇಳಿಸಿ, ಒಂದು ಪುಸ್ತಕದಲ್ಲಿ ಸರಿ ತಪ್ಪು ಬರೆಸಿ. ಆ ಪುಸ್ತಕ ತುಂಬಿದ ಮೇಲೆ, ನಿಮ್ಮ ಅಂಗಳದಲ್ಲಿ ಎಷ್ಟು ಅಂಕಕ್ಕೆ ದೀಪ ಆರಬೇಕೆಂದು ಆ ಮಕ್ಕಳೇ ಹೇಳುತ್ತಾರೆ.